ಅವಳ ಕಡೆಯ ಬೋಲ್ಟು

ಗಾಡಿಯ ಹೊಟ್ಟೆಯಡಿ ಅಂಗಾತ ಮಲಗಿದ್ದವನಿಗೆ, ತನ್ನ ಹೊಟ್ಟೆ ಗಾಡಿಯ ಹೊಟ್ಟೆಗೆ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದದ್ದು ಹೊರಗೆ ಸರಿಯಲು ಹೊರಟಾಗ. ಒಳಗೆ ನುಸುಳುವಾಗ ಉಸಿರು ಬಿಗಿಹಿಡಿದಿದ್ದ. ಆಮೇಲೆ ಬೋಲ್ಟು ಹುಡುಕುವ ಗುಂಗಿನಲ್ಲಿ ಮೈಮರೆತು ಎಲ್ಲರ ಹಾಗೆ ಉಸಿರಾಡಿಬಿಟ್ಟಿದ್ದ. ಈಗ ಅಂಗಿಯ ಗುಂಡಿಯೊಂದು ಯಾವುದೋ ತಗಡಿನ ಅಂಚಿಗೆ ಕಚ್ಚಿಕೊಂಡು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗಿ, ಕಣ್ಣೆದುರಿನ ಎರಡು ಬೋಲ್ಟುಗಳನ್ನು ದಿಟ್ಟಿಸುತ್ತ ಬಿದ್ದುಕೊಂಡ. ಈ ಪಿಕಪ್ಪಿನ ಮುಂದಿನ ಚಕ್ರಗಳಿಗೆ ಸ್ಪ್ರಿಂಗ್ ಇಲ್ಲ. ಚಕ್ರಕ್ಕೊಂದರಂತೆ ಉದ್ದನೆಯ ಉಕ್ಕಿನ ಸರಳಿದೆ. ಬೋಲ್ಟು ತಿರುಗಿಸಿ ಸರಳನ್ನು ತಿರುಚಿದಷ್ಟೂ ಆ ಕಡೆಯ ಮೂಲೆ ಮೇಲೇಳುತ್ತದೆ, ಸಡಿಲಿಸಿದಷ್ಟೂ ಇಳಿಯುತ್ತದೆ. ಒಂದು ಬೋಲ್ಟು ಅವನ ಕಡೆಯದು, ಸ್ಟೀರಿಂಗ್ ಇರುವ ಕಡೆಯದು. ಇನ್ನೊಂದು ಅವಳ ಕಡೆಯದು. ಅವಳು ಎಂದರೆ ಹೆಂಡತಿ. ಈಗ ಅಂಗಡಿಯ ಮೇಲಿನ ಮನೆಯಲ್ಲಿ ಅಕ್ಕನ ಮನೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿರುವವಳು. ಇನ್ನು ಸ್ವಲ್ಪ ಹೊತ್ತಿಗೆ ಕೈಚೀಲ ಹಿಡಿದು ಇಳಿದು ಬಂದು, ಗಂಡನ ಗಾಡಿ ಬಾಗಿಲಲ್ಲೇ ನಿಂತಿದ್ದರೂ ಅದರ ಕಡೆ ತಿರುಗಿಯೂ ನೋಡದೆ ಬಸ್‌ಸ್ಟಾಪಿಗೆ ನಡೆದುಹೋಗುವವಳು. ಅಷ್ಟರೊಳಗೆ ಗಾಡಿಯ ಮೂತಿ ಮಟ್ಟವಾಗಬೇಕು, ಅವಳು ಮೊದಲಿನಂತೆ ತನ್ನ ಪಕ್ಕದಲ್ಲಿ ಕೂರಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕಾಗಿ ಬೆಳಗಿನ ಕಾಫಿಯನ್ನೂ ಬಿಟ್ಟಿದ್ದ.

ತಪ್ಪೆಲ್ಲ ಆ ಒಂದು ಮಾತಿನದು. ಷಡ್ಡಕನ, ಅಂದರೆ ಆ ಅಕ್ಕನ ಗಂಡನ ಮನೆಯಂಗಳ, ಊಟ ಮುಗಿಸಿ ಹೊರಟ ಹೊತ್ತು, ಬೀಳ್ಕೊಡಲು ಅವರ ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಅವಳು ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ಇವನು ಗಾಡಿಯ ಮುಂದಿನಿಂದ ಸುತ್ತಿಕೊಂಡು ತನ್ನ ಕಡೆಗೆ ಹೋಗುತ್ತಿದ್ದವನು ಗಕ್ಕನೆ ನಿಂತ, ಒಂದು ಕಣ್ಣು ಮುಚ್ಚಿ ಬಂಪರಿನ ಗೆರೆ ನೋಡಿದ, ನೋಡಿದ್ದನ್ನು ನೋಡಿದ ಹಾಗೇ ಹೇಳಿಬಿಟ್ಟ. "ಅರೆ! ಇವಳು ಕೂತ ತಕ್ಷಣ ಈ ಕಡೆ ಎಷ್ಟು ಕುಸೀತು ನೋಡಿ!" ದನಿಯಲ್ಲಿ ಏನೋ ಕಂಡುಹಿಡಿದವನ ಖುಷಿ ಬೇರೆ. ಷಡ್ಡಕ ತನ್ನ ಹೊಳೆಯುವ ಕಾರಿಗೆ ಒರಗಿಕೊಂಡು, "ಹಾಗಾದ್ರೆ ಹಿಂದುಗಡೆ ಸರಿಯಾಗಿ ಮಧ್ಯಕ್ಕೆ ಕೂರಿಸ್ಕೊಂಡು ಹೋಗಪ್ಪಾ, ಬ್ಯಾಲೆನ್ಸ್ ಆಗುತ್ತೆ" ಎಂದ. ಅಲ್ಲಿಗೆ ನಗು ಒಡೆಯಿತು. ಷಡ್ಡಕನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು; ಎಲ್ಲರ ನಗು ಮುಗಿದ ಮೇಲೂ ಅವಳದು ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಅವಳು ಆಸ್ಪತ್ರೆಯ ಡ್ಯೂಟಿಗೆ ಹೊರಟಾಗ "ಬಾ, ಬಿಡ್ತೀನಿ" ಎಂದರೆ, "ಬೇಡ ಬಿಡಿ, ಗಾಡಿ ಕುಸಿಯುತ್ತೆ" ಎಂದು ಮೆತ್ತಗೆ ಹೇಳಿ ಬಸ್ಸು ಹತ್ತಿದಳು. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದ. ಮೆತ್ತಗಿನ ಮಾತಿಗೆ ಅವನ ಬಳಿ ಔಷಧವಿರಲಿಲ್ಲ.

ನಾನು ಹೇಳಿದ್ದು ಸಸ್ಪೆನ್ಷನ್ ಬಗ್ಗೆ. ಈ ಒಂದು ವಾಕ್ಯವನ್ನು ಅವನು ಅಂದಿನಿಂದ ಎಷ್ಟು ಸಲ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ. ಗಡ್ಡ ಬೋಳಿಸುವ ಕನ್ನಡಿಗೆ ಹೇಳಿದ, ಸ್ಟೀರಿಂಗಿಗೆ ಹೇಳಿದ, ಖಾಲಿ ಬಿದ್ದ ಪಕ್ಕದ ಸೀಟಿಗೆ ಹೇಳಿದ. ಹೆಂಡತಿಗೆ ಮಾತ್ರ ಹೇಳಲು ಹೋದಾಗಲೆಲ್ಲ ಬಾಯಿಗೆ ಬೀಗ. ಏಕೆಂದರೆ ಆ ವಾಕ್ಯದ ಹಿಂದೆಯೇ ಇನ್ನೊಂದು ವಾಕ್ಯ ಬಾಲದಂತೆ ಬರುತ್ತಿತ್ತು: ಆ ಕಡೆ ಮೊದಲಿನಿಂದಲೂ ಇಳಿದೇ ಇತ್ತಲ್ಲ? ಇತ್ತು. ಗಾಜು ಸಾಗಿಸುವ ಕಬ್ಬಿಣದ ಸ್ಟ್ಯಾಂಡನ್ನು ಗಾಡಿಯ ಆ ಪಕ್ಕಕ್ಕೇ ಬೆಸುಗೆ ಹಾಕಿಸಿದ್ದವನು ತಾನು. ವರ್ಷಗಟ್ಟಲೆ ಆ ಕಡೆಗೇ ಗಾಜು ಹೇರಿ ಹೇರಿ ಸರಳನ್ನು ಸೊರಗಿಸಿದವನು ತಾನು. ಇದೆಲ್ಲ ಗೊತ್ತಿದ್ದೂ, ಮೆಟ್ಟಿಲ ಮೇಲೆ ಅಷ್ಟು ಜನ ತನ್ನನ್ನೇ ನೋಡುತ್ತಿದ್ದಾಗ ಒಂದು ಚಟಾಕಿ ಹಾರಿಸುವ ಚಪಲಕ್ಕೆ ಬಲಿಯಾದವನೂ ತಾನೇ. ಷಡ್ಡಕನ ಮುಂದೆ ಅವನು ಯಾವತ್ತೂ ನಗಿಸಿದವನಲ್ಲ. ಆ ದಿನ ನಗಿಸಿದ್ದ, ಮತ್ತು ಒಂದು ಕ್ಷಣ ಅದು ಹಿತವಾಗಿಯೂ ಇತ್ತು. ಇದು ನೆನಪಾದಾಗಲೆಲ್ಲ ಅವನು ಮೈಯನ್ನೆಲ್ಲ ಮುದುಡಿಕೊಳ್ಳುತ್ತಿದ್ದ. ಈಗಲೂ ಮುದುಡಿಕೊಂಡ, ಮುದುಡಿದ ರಭಸಕ್ಕೆ ಹೊಟ್ಟೆ ಒಳಸೇರಿ, ಗುಂಡಿ ಟಪ್ಪನೆ ಕಿತ್ತು, ಅವನು ಗಾಡಿಯಡಿಯಿಂದ ಬಿಡುಗಡೆಯಾದ.

ಬೀದಿಯವರು ಅವನನ್ನು ಮಟ್ಟಣ್ಣ ಎನ್ನುತ್ತಿದ್ದರು. ಚಿತ್ರಗಳಿಗೆ ಚೌಕಟ್ಟು ಕಟ್ಟುವುದು, ಕನ್ನಡಿ ಕತ್ತರಿಸುವುದು, ಅವನ್ನು ಒಯ್ದು ಗೋಡೆಗೆ ನೇರ ಕೂರಿಸಿ ಬರುವುದು ಅವನ ಕಸುಬು. ಜೇಬಿನಿಂದ ಪೆನ್ನು ತೆಗೆಯುವಂತೆ ಸೊಂಟದ ಚೀಲದಿಂದ ಮಟ್ಟಗೋಲು ತೆಗೆಯುತ್ತಿದ್ದ. ಅದರ ಗಾಜಿನ ಕೊಳವೆಯಲ್ಲಿ ಗಾಳಿಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಲ್ಲುವವರೆಗೆ ಅವನಿಗೆ ಲೋಕ ಲೋಕವಲ್ಲ. ಹಲ್ಲಿನ ಡಾಕ್ಟರ ಬಳಿ ಹೋದರೆ ನೋವು ಮರೆತು ಗೋಡೆಯ ಮೇಲಿನ ದವಡೆಯ ಚಿತ್ರ ಸರಿಪಡಿಸಿ ಬರುತ್ತಿದ್ದ. ಬ್ಯಾಂಕಿನಲ್ಲಿ ಗಡಿಯಾರ ಸರಿಪಡಿಸಲು ಕುರ್ಚಿ ಹತ್ತಿ, ಕಾವಲುಗಾರನಿಂದ ಇಳಿಸಿಕೊಂಡಿದ್ದ. ಮದುವೆಯಾಗಿ ಮನೆ ಹೂಡಿದ ದಿನ ಅವಳು ಬಟ್ಟೆ ಜೋಡಿಸಿಕೊಂಡು ಬಂದು ನೋಡಿದರೆ ಗಂಡ ಮಂಚದ ಮೇಲೆ ಮಟ್ಟಗೋಲಿಟ್ಟು, ಒಂದು ಕಾಲಿಗೆ ರಟ್ಟಿನ ಚೂರು ಮಡಚಿ ಕೊಡುತ್ತಿದ್ದ. ಅವಳು ಆಗ ಬಾಗಿಲಿಗೆ ಒರಗಿ ನಿಂತು, ಇವನು ಎಲ್ಲವನ್ನೂ ಇಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಾನೆ ಎಂದು ಸಂತೋಷಪಟ್ಟಳಂತೆ. ಆಮೇಲೊಮ್ಮೆ ಅವಳೇ ಹೇಳಿದ್ದು. ಎಲ್ಲ ಎಂಬುದರಲ್ಲಿ ನಾನೂ ಇದ್ದೇನೆ ಎಂದುಕೊಂಡಿದ್ದೆ ಎಂದೂ ಹೇಳಿದ್ದಳು. ಯಾವ ಸಂದರ್ಭಕ್ಕೆ ಹೇಳಿದಳೋ, ಅವನು ಆಗ ಯಾವುದೋ ಚೌಕಟ್ಟಿನ ಮೂಲೆ ಕೂಡಿಸುತ್ತಿದ್ದ, ಹೂಂ ಎಂದಿದ್ದ.

ಬೋಲ್ಟಿನ ವಿದ್ಯೆ ಕಲಿಸಿಕೊಟ್ಟವನು ಮೆಕ್ಯಾನಿಕ್. ಅವನ ಗ್ಯಾರೇಜಿಗೆ ಹೋಗಿ, ಗಾಡಿಯ ಮೂತಿ ಒಟ್ಟಾರೆ ತಗ್ಗಿದೆ, ಅದರಲ್ಲೂ ಆ ಕಡೆ ಒಂದು ಬೆರಳು ಹೆಚ್ಚೇ ತಗ್ಗಿದೆ ಎಂದು ಮಟ್ಟಣ್ಣ ವಿವರಿಸಿದಾಗ ಅವನು ಕೈ ಒರೆಸಿಕೊಳ್ಳುತ್ತ ಗಾಡಿಯ ಕಡೆ ನೋಡಿದ್ದ. "ಪಿಕಪ್ಪು ಯಜಮಾನ್ರೇ ಇದು. ಹಿಂದೆ ಎತ್ತರ, ಮುಂದೆ ತಗ್ಗು, ಹಾಗೇ ಮಾಡಿರೋದು. ಲೋಡು ಬಿದ್ರೆ ಸರಿಹೋಗುತ್ತೆ. ಫೋಟೋ ಅಲ್ಲ ಇದು, ಮೊಳೆಗೆ ನೇತುಹಾಕಕ್ಕೆ."

"ಮಟ್ಟ ಮಾಡಕ್ಕೆ ಬರುತ್ತೋ ಇಲ್ವೋ?"

"ಬರುತ್ತೆ. ಬಿಟ್ಟು ಹೋಗಿ, ಸಂಜೆಗೆ ಕೊಡ್ತೀನಿ."

ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ತನ್ನ ತಪ್ಪಿನ ಬೋಲ್ಟನ್ನು ಇನ್ನೊಬ್ಬನ ಕೈಯಲ್ಲಿ ತಿರುಗಿಸುವುದು ಸರಿಯಲ್ಲ ಎಂದು ಅವನಿಗೆ ಅನ್ನಿಸಿತ್ತು; ಆದರೆ ಅದನ್ನು ಮೆಕ್ಯಾನಿಕ್ಕಿಗೆ ಹೇಳಲು ಆಗುತ್ತದೆಯೇ? "ನಾನೇ ಮಾಡ್ತೀನಿ, ಹೇಗೆ ಅಂತ ಹೇಳು" ಎಂದ. ಮೆಕ್ಯಾನಿಕ್ ಹೇಳಿದ. ಜಾಕ್ ಕೊಟ್ಟು ಎತ್ತಬೇಕು, ದಿಮ್ಮಿ ಆನಿಸಬೇಕು, ಒಂದು ಸುತ್ತು ತಿರುಗಿಸಬೇಕು, ಇಳಿಸಬೇಕು. ಇಳಿಸಿದ ಕೂಡಲೇ ಅಳೆಯಬಾರದು, ಜಾಕಿನಿಂದ ಇಳಿದ ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ಮುಂದಕ್ಕೂ ಹಿಂದಕ್ಕೂ ಓಡಿಸಿ, ಬಂಪರಿನ ಮೇಲೆ ನಿಂತು ನಾಲ್ಕು ಸಲ ಕುಣಿದು, ಆಮೇಲೆ ಅಳೆಯಬೇಕು. "ಮತ್ತೆ ಯಾರು ಕೂತ್ಕೋತಾರೋ ಅವರ ಭಾರ ಸೀಟಲ್ಲಿರಬೇಕು. ಖಾಲಿ ಗಾಡಿ ಮಟ್ಟ ಮಾಡಿ ಏನು ಪ್ರಯೋಜನ?" ಎಂದು ಕೊನೆಗೆ ಹೇಳಿದ. ಮಟ್ಟಣ್ಣ ಈ ಕೊನೆಯ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡು ಬಂದ.

ಅಲ್ಲೇ ತೊಡಕಾದದ್ದು. ಅವಳು ಕೂತಾಗ ಗಾಡಿ ಮಟ್ಟವಾಗಿರಬೇಕು. ಅವಳು ಹತ್ತಿದ ಮೇಲೂ ಗುಳ್ಳೆ ನಡುವಿನಿಂದ ಅಲುಗಬಾರದು. ಹಾಗಾದರೆ ಅದಕ್ಕಿಂತ ದೊಡ್ಡ ಕ್ಷಮಾಪಣೆ ಯಾವುದು? ಒಂದು ಮಾತೂ ಆಡದೆ ಎಲ್ಲ ಮಾತೂ ಆಡಿದಂತೆ. ಆದರೆ ಹಾಗೆ ಮಾಡಲು ಅವಳ ತೂಕ ಗೊತ್ತಿರಬೇಕು, ಮತ್ತು ಈ ಭೂಮಿಯ ಮೇಲೆ ಈಗ ಅವಳನ್ನು ಕೇಳಬಾರದ ಪ್ರಶ್ನೆ ಯಾವುದಾದರೂ ಇದ್ದರೆ ಅದು ಅದೇ. ಅವಳು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಬಂದವರನ್ನೆಲ್ಲ ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಅವಳ ಕೆಲಸ. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ನೋಡಿದ್ದ: ಸಾಲಿನಲ್ಲಿ ಅಷ್ಟು ಜನರಿದ್ದರೂ ಅವಳು ಯಾರ ತೂಕವನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮುಳ್ಳು ನೋಡುವಳು, ಬಗ್ಗುವಳು, ಅವರವರ ಕಿವಿಯಲ್ಲಿ ಹೇಳುವಳು. ದಪ್ಪಗಿನ ಹೆಂಗಸರು ಗೆಳತಿಯ ಗುಟ್ಟು ಕೇಳಿದವರಂತೆ ತಲೆಯಾಡಿಸಿ ಇಳಿಯುತ್ತಿದ್ದರು. ಅಂಥವಳ ತೂಕವನ್ನು ತಾನು ಅಂಗಳದಲ್ಲಿ ನಿಂತು ಸಾರಿದ್ದ. ಮಟ್ಟಣ್ಣನಿಗೆ ಈಗ, ಕಿತ್ತುಹೋದ ಗುಂಡಿಯ ಜಾಗದಲ್ಲಿ ಬಿರಿದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಾಗ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಎದುರು ಅಂಗಡಿಯಲ್ಲಿ ದರ್ಜಿ ರಜಾದಿನವೂ ಬಿಡದೆ ಮೆಷಿನ್ನು ತುಳಿಯುತ್ತಿದ್ದ. ಮಟ್ಟಣ್ಣ ರಸ್ತೆ ದಾಟಿದ.

"ನಮ್ಮನೆಯವಳ ಅಳತೆ ನಿಮ್ಮತ್ರ ಇರುತ್ತಲ್ವಾ?"

"ಇರುತ್ತೆ."

"ಅದರಿಂದ ಅಂದಾಜು ತೂಕ ಹೇಳಕ್ಕಾಗುತ್ತಾ?"

ದರ್ಜಿ ತುಟಿಗಳ ನಡುವೆ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಯೊಳಗಿಟ್ಟ. "ಮಟ್ಟಣ್ಣ, ನನ್ನತ್ರ ಬರೋ ಹೆಂಗಸರ ಅಳತೆ ನನ್ನ ಹೆಂಡತಿಗೂ ಹೇಳಿಲ್ಲ. ನನ್ನ ಹೆಂಡತಿ ಅಳತೆನ ಅವಳಿಗೇ ಹೇಳಿಲ್ಲ. ಅದಕ್ಕೇ ಇವತ್ತಿಗೂ ಮನೇಲಿ ಊಟ ಸಿಗ್ತಾ ಇದೆ." ಆಮೇಲೆ ಬಿರಿದ ಅಂಗಿಯ ಕಡೆ ನೋಡಿ, "ಬೇಕಿದ್ರೆ ಗುಂಡಿ ಹೊಲಿದುಕೊಡ್ತೀನಿ" ಎಂದ. ಮಟ್ಟಣ್ಣ ಬೇಡವೆಂದು ಪೆಚ್ಚುಮುಖ ಹೊತ್ತು ಮರಳಿದ. ಅವನು ಅಂಗಡಿಯ ಪಕ್ಕದ, ಗಾಡಿ ನಿಲ್ಲಿಸುವ ಶೆಡ್ಡು ಸೇರುವವರೆಗೂ ಮೆಷಿನ್ನಿನ ಸದ್ದು ಮತ್ತೆ ಶುರುವಾಗಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಚೌಕಟ್ಟಿಗೆ ಹೂಬಳ್ಳಿ ಎರಕ ಹೊಯ್ಯುವ ಪ್ಲಾಸ್ಟರ್ ಪುಡಿಯ ಚೀಲಗಳಿದ್ದವು. ಒಂದನ್ನು ತಬ್ಬಿ ತಂದು ಅವಳ ಸೀಟಿನ ಮೇಲಿಟ್ಟ. ನೋಡಿದ. ಇದು ಅವಳ ಒಂದು ಕಾಲೂ ಆಗಲಿಲ್ಲ. ಹಾಗೆ ಅನ್ನಿಸಿದ್ದೇ ತಡ, ಇಂಥ ಯೋಚನೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡ, ಯೋಚನೆಯನ್ನು ಯಾರೂ ಕೇಳಿಸಿಕೊಂಡಿಲ್ಲವಷ್ಟೆ ಎಂದು ಮೇಲಿನ ಕಿಟಕಿ ನೋಡಿದ. ಇನ್ನೊಂದು ತಂದ, ಮತ್ತೊಂದು ತಂದ. ಪ್ರತಿ ಚೀಲ ಇಡುವಾಗಲೂ ಅವಳಿಗೆ ಅವಮಾನ ಮಾಡುತ್ತಿದ್ದೇನೆ ಎನ್ನಿಸುವುದು. ತೆಗೆದರೆ, ಕೆಲಸಕ್ಕೆ ಮೋಸ ಮಾಡುತ್ತಿದ್ದೇನೆ ಎನ್ನಿಸುವುದು. ಒಂದು ಚೀಲವನ್ನಂತೂ ಇಟ್ಟ, ತೆಗೆದ, ಮತ್ತೆ ಇಟ್ಟ, ಕೊನೆಗೆ ಎದೆಗೆ ಅವುಚಿಕೊಂಡು ಹಾಗೇ ನಿಂತ. ಹೆಂಡತಿಯನ್ನು ಮನಸ್ಸಿನಲ್ಲೇ ತೂಗುತ್ತಿರುವ ಗಂಡ ಎಂಥ ಗಂಡ? ಅವಳನ್ನು ಒಂದು ಸಲವಾದರೂ ಎತ್ತಿಕೊಂಡಿದ್ದರೆ ಕೈಗಾದರೂ ನೆನಪಿರುತ್ತಿತ್ತು. ಎತ್ತಿಕೊಂಡ ನೆನಪಿಲ್ಲ. ಎತ್ತಿದವಳು ಅವಳು: ಯಾರದೋ ಮನೆಯ ಮೂರನೆಯ ಮಹಡಿಯಲ್ಲಿ ಕನ್ನಡಿ ಕೂರಿಸುವಾಗ ಏಣಿಯಿಂದ ಜಾರಿ ಪಾದ ಉಳುಕಿದ್ದಾಗ, ಫೋನು ಮಾಡಿ ಕರೆಸಿದರೆ ಡ್ಯೂಟಿಯ ಬಟ್ಟೆಯಲ್ಲೇ ಬಂದು, ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿಸಿದ್ದಳು. ಕೆಳಗೆ ಬರುವಷ್ಟರಲ್ಲಿ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಆವತ್ತು ಅವಳು ಆಡಿದ ಒಂದೇ ಮಾತು "ನಿಧಾನ, ನಿಧಾನ" ಎಂಬುದು. ಆ ಮನೆಯವರೂ ಎದುರು ನಿಂತು ನೋಡುತ್ತಿದ್ದರು. ನಗಿಸಬೇಕೆಂದಿದ್ದರೆ ಅವಳೂ ನಗಿಸಬಹುದಿತ್ತು. ಮಟ್ಟಣ್ಣ ಎದೆಗವುಚಿದ್ದ ಚೀಲವನ್ನು ಮೂಲೆಗೆ ಒಯ್ದಿಟ್ಟ. ಸೀಟಿನ ಮೇಲೆ ಉಳಿದವು ಅವನ ಪ್ರೀತಿಯೂ ಭಯವೂ ಒಪ್ಪಿದಷ್ಟು ಚೀಲಗಳು.

ಚೀಲಗಳು ಒಂದರ ಮೇಲೊಂದು ನಿಲ್ಲದೆ ಅತ್ತಿತ್ತ ತೂರಾಡಿದವು. ಸೀಟ್ ಬೆಲ್ಟು ಎಳೆದು ಬಿಗಿದ. ಪುಡಿ ಉದುರಿ ರೆಕ್ಸಿನ್ನಿಗೆ ಮೆತ್ತಿಕೊಳ್ಳುವುದು ಕಂಡು, ಸೀಟಿನ ಹಿಂದೆ ಬಹಳ ದಿನದಿಂದ ಬಿದ್ದಿದ್ದ ಅವಳ ನೀಲಿ ಸ್ವೆಟರನ್ನು ಮೇಲೆ ಹೊದಿಸಿದ. ಜಾರದಿರಲೆಂದು ತೋಳುಗಳನ್ನು ಮುಂದೆ ತಂದು ಗಂಟು ಹಾಕಿದ. ದೂರ ನಿಂತು ನೋಡಿದರೆ ಕೈಕಟ್ಟಿಕೊಂಡು ಮುನಿಸಿಕೊಂಡು ಕೂತ ಹೆಂಗಸಿನಂತೆಯೇ ಇತ್ತು, ತಲೆಯೊಂದಿಲ್ಲ. ಅವನಿಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ಅವನ ತಲೆಯೆಲ್ಲ ಗುಳ್ಳೆಯ ಮೇಲಿತ್ತು.

ಜಾಕ್ ಕೊಟ್ಟ. ದಿಮ್ಮಿ ಆನಿಸಿದ. ಉಸಿರು ಹಿಡಿದು ಒಳಗೆ ಹೋಗಿ, ಎರಡೂ ಬೋಲ್ಟುಗಳನ್ನು ತಿರುಗಿಸಿ ಮೂತಿ ಎತ್ತಿದ. ಅವಳ ಕಡೆಯದಕ್ಕೆ ಇನ್ನೆರಡು ಸುತ್ತು ಹೆಚ್ಚು ಕೊಟ್ಟ. ಉಸಿರು ಹಿಡಿದೇ ಹೊರಗೆ ಬಂದ. ಇಳಿಸಿದ. ಗಾಡಿ ಹತ್ತಿ, ಚೀಲದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಸ್ತೆಗೆ ಹೋಗಿ ಹಿಮ್ಮುಖವಾಗಿ ಬಂದ. ತಿರುವಿನಲ್ಲಿ ಅದು ಸ್ವಲ್ಪ ಇವನ ಕಡೆ ವಾಲಿದಾಗ ಮೊಣಕೈಯಿಂದ ತಡೆದು, "ಸಾರಿ" ಎಂದ. ಬಹಳ ದಿನಗಳಿಂದ ಬರದ ಮಾತು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಬೆರಗಾಯಿತು, ಮತ್ತು ಪ್ಲಾಸ್ಟರ್ ಪುಡಿಗೆ ಹೇಳಿದ ಮಾತನ್ನು ಮಹಡಿ ಹತ್ತಿ ಹೇಳಿದ್ದರೆ ಈ ಹೊತ್ತಿಗೆ ಕಾಫಿ ಕುಡಿಯುತ್ತಿರಬಹುದಿತ್ತು ಎಂಬ ಯೋಚನೆಯೂ ಬಂದು ಹೋಯಿತು. ಅದರ ಬಾಲ ಹಿಡಿಯುವಷ್ಟರಲ್ಲಿ ಶೆಡ್ಡು ಬಂತು. ಇಳಿದ. ಬಂಪರಿನ ಮೇಲೆ ಹತ್ತಿ ನಿಂತು ಬಾನೆಟ್ ಹಿಡಿದುಕೊಂಡು ಕುಣಿದ. ಗಾಡಿ ಕಿರ್ರೋ ಎಂದು ಏರಿ ಇಳಿಯಿತು. ಒಳಗೆ ನೀಲಿ ಸ್ವೆಟರು ಕೈಕಟ್ಟಿಕೊಂಡೇ ಏರಿ ಇಳಿಯಿತು. ಬಿರಿದ ಅಂಗಿಯೊಳಗೆ ಅವನ ಹೊಟ್ಟೆ ತನ್ನದೇ ತಾಳದಲ್ಲಿ ಕುಣಿಯುತ್ತಿತ್ತು. ಎದುರಿನ ಮೆಷಿನ್ನು ಮತ್ತೆ ನಿಂತಿತು.

ಕುಣಿತ ಮುಗಿಸಿ ಮಟ್ಟಗೋಲಿಟ್ಟರೆ ಗುಳ್ಳೆ ಇನ್ನೂ ಓರೆ. ಮತ್ತೆ ಜಾಕ್, ಮತ್ತೆ ದಿಮ್ಮಿ, ಮತ್ತೆ ಉಸಿರು. ಮತ್ತೆ ರಸ್ತೆ, ಮತ್ತೆ ಕುಣಿತ. ಮೊದಮೊದಲು ತಾನು ಯಾರಿಗೆ ಹೇಗೆ ಕಾಣುತ್ತಿದ್ದೇನೆ ಎಂಬ ಅಳುಕು ಇತ್ತು. ಎದುರಿನವನು ನೋಡುತ್ತಿದ್ದಾನೆ, ಹಾಲು ತರುವ ಹೆಂಗಸು ನಿಂತು ನೋಡಿದಳು, ನಾಳೆ ಬೀದಿಯೆಲ್ಲ ಇದೇ ಮಾತು. ಕುಣಿಯುತ್ತ ಕುಣಿಯುತ್ತ ಆ ಅಳುಕು ಎಲ್ಲೋ ಸಡಿಲಾಯಿತು. ನೋಡಲಿ. ಅಂದು ಅವಳು ಗಾಜಿನ ಹಿಂದೆ ಕೂತು, ಬೆಲ್ಟು ಹಾಕಿಕೊಂಡು, ಎಲ್ಲಿಗೂ ಓಡಲಾರದೆ ನಗುತ್ತ ನೋಡಿಸಿಕೊಂಡಿರಲಿಲ್ಲವೆ? ಅವಳ ಮುಖದ ಮೇಲೆ ಮುಗಿಯದೆ ಉಳಿದಿದ್ದ ಆ ನಗುವಿಗೆ ಹೋಲಿಸಿದರೆ ಇದು ಏನೂ ಅಲ್ಲ. ಅವನು ಇನ್ನೂ ನಾಲ್ಕು ಸಲ ಹೆಚ್ಚಾಗಿ ಕುಣಿದ. ಇಳಿದು ಮಂಡಿಯೂರಿ ಕೂತು, ಮಟ್ಟಗೋಲನ್ನು ಬಂಪರಿನ ಮೇಲಿಟ್ಟು ಕೈ ತೆಗೆದ. ಗುಳ್ಳೆ ಅತ್ತ ಹೋಯಿತು, ಇತ್ತ ಬಂತು, ಎರಡು ಗೆರೆಗಳ ನಡುವೆ ಬಂದು ನಿಂತಿತು. ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದ. ಆ ಕಡೆ ಎಷ್ಟೋ ಈ ಕಡೆಯೂ ಅಷ್ಟೇ, ಹಿಂದೆ ಎಷ್ಟೋ ಮುಂದೆಯೂ ಅಷ್ಟೇ. ಬಂಪರಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.

"ಯಾರ್ರೀ ಅದು, ನನ್ನ ಸ್ವೆಟರ್ ಹಾಕ್ಕೊಂಡು ಕೂತಿರೋದು?"

ಮೆಟ್ಟಿಲ ಕೆಳಗೆ ಅವಳು ಕೈಚೀಲ ಹಿಡಿದು ನಿಂತಿದ್ದಳು. ಹೇಳಬಹುದಾದ ಉತ್ತರಗಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಒಂದಕ್ಕೊಂದು ಸಿಕ್ಕಿಕೊಂಡವು. ಬಾಯಿಂದ ಬಿದ್ದದ್ದು ಎಲ್ಲಕ್ಕಿಂತ ನಿಜವಾದದ್ದು.

"ನೀನು" ಎಂದ.

ಅವಳು ಅವನನ್ನು ನೋಡಿದಳು: ಮಂಡಿಯೂರಿದ್ದವನನ್ನು, ಬಿರಿದ ಅಂಗಿಯನ್ನು, ಹಣೆಯ ಮೇಲಿನ ಗ್ರೀಸನ್ನು. ಆಮೇಲೆ ಗಾಡಿಯ ಹತ್ತಿರ ಬಂದು ಬಾಗಿಲು ತೆಗೆದಳು. ಸ್ವೆಟರಿನ ಅಂಚು ಎತ್ತಿ, ಚೀಲಗಳ ಮೇಲೆ ಅಚ್ಚುಹಾಕಿದ್ದ ತೂಕವನ್ನು ಓದಿದಳು. ತುಟಿ ಅಲುಗಿಸದೆ ಕೂಡಿದಳು. ಅವಳು ಕೂಡುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಹೆಚ್ಚಾಗಿದ್ದರೂ ತನ್ನ ಕತೆ ಮುಗಿಯಿತು, ಕಡಿಮೆಯಾಗಿದ್ದರೂ ಮುಗಿಯಿತು. ಅವನು ಎದ್ದು ನಿಲ್ಲಲೂ ಮರೆತ. ಅವಳು ಅವನ ಪಕ್ಕಕ್ಕೆ ಬಂದು, ಆಸ್ಪತ್ರೆಯ ಸಾಲಿನಲ್ಲಿ ಬಗ್ಗುವ ಹಾಗೆ ಬಗ್ಗಿ, ಕಿವಿಯಲ್ಲಿ ಹೇಳಿದಳು.

"ಒಂದು ಚೀಲ ಕಮ್ಮಿ ಇಟ್ಟಿದೀರಿ."

"ನನಗೆ... ಸರಿಯಾಗಿ ಗೊತ್ತಿರಲಿಲ್ಲ."

"ಗೊತ್ತಿಲ್ದೇ ಇರೋದನ್ನ ಅವತ್ತು ಅಷ್ಟು ಜೋರಾಗಿ ಹೇಳಿದ್ರಾ?"

ಇನ್ನು ಸಸ್ಪೆನ್ಷನ್ ಎಂಬ ಶಬ್ದ ತೆಗೆದರೆ ತನಗೆ ಮರ್ಯಾದೆಯಿಲ್ಲ ಎಂದು ಮಟ್ಟಣ್ಣನಿಗೆ ಅನ್ನಿಸಿತು. "ಗಾಡಿ ಆ ಕಡೆ ಇಳಿದಿದ್ದು ಗಾಜಿನ ಸ್ಟ್ಯಾಂಡಿನಿಂದ. ನನಗೆ ಅವತ್ತೂ ಗೊತ್ತಿತ್ತು. ಅವರೆಲ್ಲ ನಗಲಿ ಅಂತ ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು."

ಅವಳು ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ನೀನು ಪಕ್ಕದಲ್ಲಿಲ್ಲದೆ ಗಾಡಿ ಓಡಿಸೋಕೆ ಬೇಜಾರಾಗುತ್ತೆ" ಎಂದ, ನೆಲ ನೋಡುತ್ತ.

"ಇಷ್ಟು ಹೇಳಕ್ಕೆ ಬೆಳಿಗ್ಗೆಯಿಂದ ಬೋಲ್ಟ್ ತಿರುಗಿಸ್ತಾ ಇದ್ರಾ?"

"ಹೇಳೋದಕ್ಕಿಂತ ಅದು ಸುಲಭ ಅನ್ನಿಸ್ತು."

"ಮೇಲಿಂದ ನೋಡ್ತಾನೇ ಇದ್ದೆ. ಬಂಪರ್ ಮೇಲೆ ಹತ್ತಿ ಕುಣಿದಾಗ ನನಗೆ ನಿಜವಾಗ್ಲೂ ಗಾಬರಿ ಆಯ್ತು, ಏನಾದ್ರೂ ಹೆಚ್ಚುಕಮ್ಮಿ ಆಯ್ತೇನೋ ತಲೆಗೆ ಅಂತ." ಅವಳ ತುಟಿಯ ಒಂದು ಕೊನೆ ನಗುವಿಗೆ ಓರೆಯಾಗಿ, ತಡೆದುಕೊಂಡು ನಿಂತಿತು. "ಇಳಿಸಿ ಇವಳನ್ನ."

ಅವನು ಬೆಲ್ಟು ಬಿಚ್ಚಿ, ಗಂಟು ಬಿಡಿಸಿ, ಚೀಲಗಳನ್ನು ಒಂದೊಂದಾಗಿ ಹೊತ್ತು ಮೂಲೆಗೆ ಹಾಕಿದ. ಅವಳು ಸ್ವೆಟರು ಕೊಡವಿ ಮಡಚಿಟ್ಟು, ಸೀಟು ಒರೆಸಿ, ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ಮಟ್ಟಣ್ಣನ ಕಾಲು ತಂತಾನೇ ಗಾಡಿಯ ಮುಂದಕ್ಕೆ ಹೋಯಿತು. ಮಟ್ಟಗೋಲು ಇನ್ನೂ ಬಂಪರಿನ ಮೇಲೆಯೇ ಇತ್ತು. ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟು ಸರಿದಿತ್ತು, ಒಂದು ಚೀಲದಷ್ಟು. ಅವನ ಬಾಯಿ ತೆರೆಯಿತು. ಗಾಜಿನ ಹಿಂದೆ ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿತು.

"ಹೇಗಿದೆ?" ಎಂದಳು ಒಳಗಿನಿಂದ.

"ಚೆನ್ನಾಗಿದೆ" ಎಂದ. ಹಾಗೆ ಹೇಳಿದಾಗ ಅದು ಚೆನ್ನಾಗಿಯೇ ಇತ್ತು. ಮಟ್ಟಗೋಲನ್ನು ಚೀಲಕ್ಕೆ ಸೇರಿಸಿ, ಕೈ ಒರೆಸಿಕೊಂಡು, ಇಷ್ಟು ದಿನಗಳ ಮೇಲೆ ಹಗುರಾದ ಎದೆಯಿಂದ ಸುತ್ತು ಹಾಕಿ ಬಂದು, ತನ್ನ ಕಡೆಯ ಬಾಗಿಲು ತೆಗೆದು ಹತ್ತಿ ಕೂತ.

ಗಾಡಿ ಒಂದು ದೀರ್ಘ ನರಳು ನರಳಿ ಅವನ ಕಡೆಗೆ ಕುಸಿಯಿತು. ಒಂದೇ ಉದ್ದನೆಯ ಸೀಟು, ಹಳೆಯ ನುಣುಪು ರೆಕ್ಸಿನ್ನು. ಇನ್ನೂ ಬೆಲ್ಟು ಹಾಕಿರದಿದ್ದ ಅವಳು ಕೈಚೀಲದ ಸಮೇತ ಸರ್ರನೆ ಜಾರಿ ಬಂದು ಅವನ ಮೈಗೆ ತಗುಲಿ ನಿಂತಳು. ಇಬ್ಬರೂ ಎದುರಿನ ಗಾಜನ್ನು ನೋಡುತ್ತ ಕೂತರು. ಗಾಜಿನಾಚೆ ಬೀದಿ ಓರೆಯಾಗಿತ್ತು. ದರ್ಜಿಯ ಅಂಗಡಿ ಓರೆಯಾಗಿತ್ತು, ಬಾಗಿಲಿಗೆ ಬಂದು ನಿಂತಿದ್ದ ದರ್ಜಿಯೂ ಓರೆ. ಮಟ್ಟಣ್ಣನಿಗೆ ಅರ್ಥವಾಯಿತು. ಬೆಳಗಿನಿಂದ ಅವನು ಎಷ್ಟೋ ಸಲ ಗಾಡಿ ಹತ್ತಿದ್ದ, ಇಳಿದಿದ್ದ. ಅಳೆದದ್ದೆಲ್ಲ ಇಳಿದ ಮೇಲೆಯೇ. ಅವಳ ಭಾರವನ್ನು ಚೀಲ ಚೀಲವಾಗಿ ಎತ್ತಿಟ್ಟು, ತೆಗೆದು, ಮರುಗಿ, ಲೆಕ್ಕ ಹಾಕಿದವನಿಗೆ ಈ ಗಾಡಿಯಲ್ಲಿ ತಾನೂ ಒಬ್ಬ ಕೂರುತ್ತೇನೆ, ತನಗೂ ಒಂದು ತೂಕವಿದೆ ಎಂಬುದು ಒಂದು ಸಲವೂ ಹೊಳೆದಿರಲಿಲ್ಲ.

ಪಕ್ಕದಲ್ಲಿ ಏನೋ ನಡುಗತೊಡಗಿತು. ಎಂಜಿನ್ನು ಇನ್ನೂ ಶುರು ಮಾಡಿರಲಿಲ್ಲ. ಅವಳು ನಗುತ್ತಿದ್ದಳು, ಕೈಚೀಲದಲ್ಲಿ ಮುಖ ಹುದುಗಿಸಿ, ಭುಜ ಕುಣಿಸುತ್ತ, ಉಸಿರು ಕಟ್ಟಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮೆಟ್ಟಿಲ ಎದುರು ನಕ್ಕ ನಗು ಇದಲ್ಲವೆಂದು ಅವನಿಗೆ ಎಷ್ಟು ಸ್ಪಷ್ಟವಾಗಿ ಗೊತ್ತಾಯಿತೆಂದರೆ, ಗಾಡಿ ಇನ್ನೂ ಒಂದು ಬೆರಳು ಕುಸಿದರೂ ಪರವಾಗಿಲ್ಲ ಅನ್ನಿಸಿತು. ಅನ್ನಿಸಿದ್ದು ಒಂದು ಕ್ಷಣ ಮಾತ್ರ. ಮರುಕ್ಷಣ ಕೈ ಬಾಗಿಲಿನ ಹಿಡಿಗೆ ಹೋಯಿತು.

"ಒಂದೇ ನಿಮಿಷ. ನನ್ನ ಕಡೆನೂ ಎರಡು ಸುತ್ತು ಕೊಟ್ಟರೆ—"

ಅವಳು ಅಂಗಿಯ ತೋಳು ಹಿಡಿದೆಳೆದಳು. "ನೀವು ಇಳಿದ್ರೆ ನಾನೂ ಇಳೀತೀನಿ. ಬಸ್ಸಿಗೆ ಇನ್ನೂ ಟೈಮಿದೆ."

"ಹೀಗೇ ಹೋಗೋದಾ? ಅಲ್ಲಿ ನಿನ್ನ ಭಾವ ನೋಡಿದ್ರೆ?"

"ನೋಡ್ಲಿ." ಅವಳು ಕಣ್ಣೊರೆಸಿಕೊಂಡು ಬೆಲ್ಟು ಎಳೆದುಕೊಂಡಳು; ಜಾರಿ ಬಂದ ಜಾಗದಿಂದ ಹಿಂದೆ ಸರಿಯಲಿಲ್ಲ. "ಯಾರ ಕಡೆ ಕುಸಿದಿದೆ ಅಂತ ಅವರಿಗೇನೂ ಹೇಳಬೇಕಾಗಿಲ್ಲ, ಕಣ್ಣಿದೆಯಲ್ಲ."

ಮಟ್ಟಣ್ಣ ಹಿಡಿಯಿಂದ ಕೈ ತೆಗೆದ. ಎಂಜಿನ್ನು ಶುರು ಮಾಡಿ, ಗೇರು ಹಾಕಿ, ಓರೆ ಗಾಡಿಯನ್ನು ಓರೆ ಬೀದಿಗೆ ಇಳಿಸಿದ. ದರ್ಜಿ ನೋಡಿದ. ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ಮೊದಲು ಗಾಡಿಯ ಕುಸಿದ ಮೂಲೆಯನ್ನೂ ಆಮೇಲೆ ಆ ಮೂಲೆಯಲ್ಲಿ ಕೂತವನನ್ನೂ ನೋಡಿದರು. ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಅವನು ನಿಧಾನವಾಗಿ ಓಡಿಸಿದ.